ಅಣವೀರಪ್ಪನ ಜಪಾನಿ ಅಕ್ಷರಗಳು

ಅಣವೀರಪ್ಪನವರು ನಾಲ್ಕು ವರ್ಷಗಳಲ್ಲಿ ನಲವತ್ತೊಂದು ಜಪಾನಿ ಅಕ್ಷರಗಳನ್ನು ಮಾಡಿದರು. ಬರೆದರು ಎಂದರೆ ತಪ್ಪಾಗುತ್ತದೆ. ಅವರಿಗೆ ಜಪಾನಿ ಬರುತ್ತಿರಲಿಲ್ಲ. ಬೈಕುಲ್ಲಾದ ಒಂದು ಹಳೆಯ ಇಂಡಸ್ಟ್ರಿಯಲ್ ಎಸ್ಟೇಟಿನ ಎರಡನೆಯ ಮಹಡಿಯಲ್ಲಿ ಟೀ ಶರ್ಟುಗಳ ಮೇಲೆ ಚಿತ್ರ ಮುದ್ರಿಸುವ ಒಂದು ಗಾಲಾ ಇತ್ತು. ಕಾರ್ಖಾನೆಯ ಇಂಥ ಒಂದೊಂದು ಕೋಣೆಗೂ ಮುಂಬಯಿಯಲ್ಲಿ ಗಾಲಾ ಎನ್ನುತ್ತಾರೆ. ಅಲ್ಲಿ ಕಿಟಕಿಯ ಪಕ್ಕದ ಮೇಜಿನ ಮುಂದೆ ಕೂತು ಅವರು ಆ ಅಕ್ಷರಗಳನ್ನು ಒಂದೊಂದಾಗಿ ಜೋಡಿಸಿದರು. ಶರ್ಟುಗಳು ದುಬೈಗೆ ಹೋಗುತ್ತಿದ್ದವು. ಅಲ್ಲಿಂದ ಮುಂದೆ ಯಾವ ದೇಶದ ಸಂತೆಯಲ್ಲಿ ಯಾರ ಮೈ ಏರುತ್ತಿದ್ದವೋ ನಮಗೆ ಗೊತ್ತಿರಲಿಲ್ಲ. ಜಪಾನಿಗೆ ಮಾತ್ರ ಹೋಗುತ್ತಿರಲಿಲ್ಲ.

ನಾನು ಬಟ್ಟೆಗೆ ಹಾಕುವ ಬಣ್ಣ ತಯಾರಿಸುವ ಒಂದು ಕಂಪನಿಯಲ್ಲಿ ಕೆಮಿಸ್ಟ್ ಆಗಿದ್ದೆ. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಬಂದವನು, ಮನೆ ಸಯನ್ನಿನಲ್ಲಿ. ನಮ್ಮ ಬಣ್ಣ ಕೊಳ್ಳುವ ಗಾಲಾಗಳಿಗೆ ತಿಂಗಳಿಗೊಮ್ಮೆ ಹೋಗಿ, ಬಣ್ಣ ಎಲ್ಲಿ ಹರಡುತ್ತಿದೆ, ಎಲ್ಲಿ ಒಗೆತಕ್ಕೆ ನಿಲ್ಲುತ್ತಿಲ್ಲ ಎಂದು ನೋಡಿ ಪರಿಹಾರ ಹೇಳುವುದು ನನ್ನ ಕೆಲಸ. ಹಾಗೆ ಹೋದಲ್ಲಿ ಅವರ ಪರಿಚಯವಾಯಿತು. ಕನ್ನಡ ಮಾತಾಡುವವರು ಸಿಕ್ಕರೆಂದು ಇಬ್ಬರಿಗೂ ಸಂತೋಷ. ಅವರ ಕನ್ನಡ ಕಲಬುರಗಿ ಕಡೆಯದು, ನನ್ನದು ಮೈಸೂರಿನದು. ಮೊದಲ ಎರಡು ಭೇಟಿಗಳಲ್ಲಿ ಅರ್ಧ ಹಿಂದಿಯಲ್ಲೇ ಮಾತಾಡಿಕೊಂಡೆವು.

ಅಕ್ಷರ ಹುಟ್ಟುತ್ತಿದ್ದ ಕ್ರಮ ಹೀಗೆ. ಗಾಲಾದ ಮಾಲೀಕ ಹೀರಜೀಭಾಯಿ, ಹೊಲಿಗೆ ಯಂತ್ರದ ಯಾವುದೋ ಭಾಗ ಬಂದಿದ್ದ ಜಪಾನಿನ ರಟ್ಟಿನ ಡಬ್ಬಿಯೊಂದನ್ನು ಕೊಟ್ಟು, ಇದರ ಹಾಗೆ ಮಾಡು, ಆದರೆ ಇದನ್ನೇ ಮಾಡಬೇಡ ಎಂದಿದ್ದರು. ಅದರಲ್ಲಿ ಕಂಪನಿಯ ಹೆಸರಿದ್ದರೆ ಕೋರ್ಟಿನ ಗೊಡವೆ ಎಂಬ ಭಯ. ಹೀಗಾಗಿ ಅಣವೀರಪ್ಪನವರು ಒಂದು ಅಕ್ಷರದ ತಲೆ, ಇನ್ನೊಂದರ ಕಾಲು, ಮತ್ತೊಂದರ ಪಕ್ಕದ ಗೆರೆ ತೆಗೆದುಕೊಂಡು ಟ್ರೇಸಿಂಗ್ ಕಾಗದದ ಮೇಲೆ ಕೂಡಿಸಿದರು. ಆಮೇಲೆ ನನ್ನ ಪಾಲು ಬಂತು. ಟೀ ಶರ್ಟಿನ ಹೊಸೈರಿ ಬಟ್ಟೆ ಹಿಗ್ಗುತ್ತದೆ. ಎರಡು ಗೆರೆಗಳ ನಡುವೆ ಒಂದೂವರೆ ಮಿಲಿಮೀಟರಿಗಿಂತ ಕಡಿಮೆ ಜಾಗವಿದ್ದರೆ ನಮ್ಮ ಬಣ್ಣ ಒಳಗೆ ನುಗ್ಗಿ ತುಂಬಿಬಿಡುತ್ತದೆ, ಅಕ್ಷರ ಕರಿಯ ಉಂಡೆಯಾಗುತ್ತದೆ. ಗೆರೆ ಒತ್ತಾಗಿರುವ ಕಡೆ ಒಂದನ್ನು ತೆಗೆದುಬಿಡಿ ಎಂದು ನಾನು ಹೇಳಿದೆ. ಅವರು ತೆಗೆದರು. ತೆಗೆದ ಮೇಲೆ ಎಲ್ಲಾದರೂ ಬೋಳು ಕಂಡರೆ ಅಲ್ಲೊಂದು ಹೊಸ ಗೆರೆ ಎಳೆದರು. ಅದು ಅವರಿಗೆ ಮಿಲ್ಲಿನಲ್ಲಿ ಸೀರೆಯ ಅಂಚು ಬಿಡಿಸಿ ಬಂದ ಅಭ್ಯಾಸ. ಅಂಚಿನಲ್ಲಿ ಬಟ್ಟೆ ಬರಿದಾಗಿ ಕಾಣಬಾರದು. ಒಂದೊಂದು ಅಕ್ಷರವನ್ನೂ ಹೀಗೆ ರಟ್ಟಿನ ಡಬ್ಬಿ, ನಮ್ಮ ಬಣ್ಣದ ದಪ್ಪ ಮತ್ತು ಸೀರೆಯ ಅಂಚು ಸೇರಿ ತೀರ್ಮಾನಿಸಿದ್ದವು.

ಅವರಿಗೆ ಆ ಮೇಜು ಏನಾಗಿತ್ತು ಎಂಬುದನ್ನು ಇಲ್ಲೇ ಹೇಳಿಬಿಡಬೇಕು.

ಅಣವೀರಪ್ಪನವರು ಹುಟ್ಟಿದ್ದು 1936ರಲ್ಲಿ, ಸೇಡಂ ತಾಲೂಕಿನ ಒಂದು ಹಳ್ಳಿಯಲ್ಲಿ. ಇಪ್ಪತ್ತೊಂದನೆಯ ವಯಸ್ಸಿಗೆ ಮುಂಬಯಿಗೆ ಬಂದು, ಬೈಕುಲ್ಲಾದ ಒಂದು ಮಿಲ್ಲಿನ ಡಿಸೈನ್ ಖಾತೆಯಲ್ಲಿ ಬಣ್ಣದ ಬಟ್ಟಲು ತೊಳೆಯುವ ಕೆಲಸಕ್ಕೆ ಸೇರಿದರು. ತೊಳೆಯುತ್ತ ನೋಡಿ ನೋಡಿ ಗೆರೆ ಎಳೆಯುವುದನ್ನು ಕಲಿತರು. ನಾಲ್ಕನೆಯ ವರ್ಷ, ಡಿಸೈನುಗಳ ನಕಲು ತೆಗೆಯುವ ಟ್ರೇಸರ್ ಆದರು. 1982ರ ಜನವರಿಯಲ್ಲಿ ಮಿಲ್ಲುಗಳ ಮುಷ್ಕರ ಶುರುವಾಯಿತು. ಅದು ಮುಗಿಯಿತು ಎಂದು ಯಾರೂ ಹೇಳದೆಯೇ ಎರಡು ವರ್ಷ ಕಳೆಯಿತು. ಅವರ ಖಾತೆಯ ಬಾಗಿಲು ಮತ್ತೆ ತೆರೆಯಲಿಲ್ಲ. ಆ ಎರಡು ವರ್ಷ ಅವರು ತರಕಾರಿಯ ಸಗಟು ಮಾರುಕಟ್ಟೆಯಲ್ಲಿ ಹಮಾಲಿ ಮಾಡಿದರು. 1984ರ ಏಪ್ರಿಲಿನಲ್ಲಿ ಬಟಾಟೆಯ ಮೂಟೆಯಡಿ ಬೆನ್ನು ಹಿಡಿಯಿತು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಬೆನ್ನುಹುರಿಯ ಬಳಿ ಎರಡು ಕಡೆ ನರ ಒತ್ತಿದೆ, ಇನ್ನೊಮ್ಮೆ ಭಾರ ಎತ್ತಿದರೆ ಕಾಲು ಹೋಗಬಹುದು, ಕೂತು ಮಾಡುವ ಕೆಲಸ ನೋಡಿಕೊಳ್ಳಿ ಎಂದು ವೈದ್ಯರು ಹೇಳಿ ಕಳಿಸಿದರು. ಜೂನ್ ತಿಂಗಳಲ್ಲಿ ಹೀರಜೀಭಾಯಿಯ ಗಾಲಾದಲ್ಲಿ ಮೇಜು ಸಿಕ್ಕಿತು.

ಅವರ ಹೆಂಡತಿ ಕಸ್ತೂರಿಬಾಯಿ ಒಮ್ಮೆ ನನಗೆ ಹೇಳಿದ್ದರು: "ಆ ಮೇಜ ನಾ ಕಣ್ಣೀಲೆ ನೋಡಿಲ್ರಿ. ಆದ್ರೂ ದಿನಾ ಮುಂಜಾನೆ ಅದಕ್ಕೊಂದು ಕೈ ಮುಗೀತೀನಿ. ಅದು ಇರೂತನಕ ಇವ್ರು ನೆಟ್ಟಗ ನಿಂದಿರ್ತಾರ."

1988ರ ಅಕ್ಟೋಬರಿನ ಒಂದು ಗುರುವಾರ ನಾನು ಗಾಲಾಕ್ಕೆ ಹೋದಾಗ ಅಣವೀರಪ್ಪನವರು ಮೇಜಿನ ಮುಂದಿರಲಿಲ್ಲ. ಮೆಟ್ಟಿಲ ಬಳಿ, ಕೈಯಲ್ಲೊಂದು ಮಡಿಸಿದ ಶರ್ಟು ಹಿಡಿದು ನಿಂತಿದ್ದರು.

"ಸರ, ನಿಮ್ಮನ್ನ ಕಾಯ್ಲಾಕತ್ತೀನಿ. ಇದನ್ನ ಒಂದೀಟು ಓದ್ರಿ."

"ಏನನ್ನ?"

"ಇದರ ಮ್ಯಾಲ ಬರೆದಿದ್ದು."

"ಅಣವೀರಪ್ಪನವರೇ, ಇದನ್ನ ಮಾಡಿದೋರು ನೀವು. ನನ್ನನ್ನ ಓದು ಅಂದ್ರೆ?"

"ನಾ ಮಾಡೀನಿ ಖರೆ. ಓದ್ಲಾಕ ನನಗೆಲ್ಲಿ ಬರ್ತದ? ನೀವು ಬಿ.ಎಸ್ಸಿ. ಆದವ್ರು."

ಒಳಗೆ ಜಾಲರಿಯ ಚೌಕಟ್ಟಿಟ್ಟು ಶರ್ಟಿನ ಮೇಲೆ ಬಣ್ಣ ಎಳೆಯುತ್ತಿದ್ದ ಮರೆಪ್ಪ ಕೈ ನಿಲ್ಲಿಸದೆ ಕೂಗಿ ಹೇಳಿದ: "ಸರ, ನಾಲ್ಕು ವರ್ಷ ಆತು, ನಮ್ಮ ಕಾಕಾ ಜಪಾನಿ ಪುರಾಣ ಬರದಾನ. ಈಗ ಅರ್ಥ ಕೇಳ್ಯಾರ ನೋಡ್ರಿ, ಬೆವರು ಬಿಡ್ಲಾಕತ್ತಾನ."

"ನೀ ಸುಮ್ನ ಎಳಿಯೋ. ಮೊದಲ ಸೊಟ್ಟ ಎಳೀತಿ," ಎಂದರು ಅಣವೀರಪ್ಪ. ಆದರೆ ದನಿಯಲ್ಲಿ ಜೀವವಿರಲಿಲ್ಲ.

ನಡೆದದ್ದು ಇಷ್ಟು. ಬೇರೆ ಯಾವುದೋ ಕಾರ್ಖಾನೆ ಕಳಿಸಿದ ಶರ್ಟುಗಳ ಮೇಲೆ, ಯಾವುದೋ ಬಂದರಿನಲ್ಲಿ ಒಬ್ಬರು ಓದಿ ನೋಡಿ, ಹೇಳಬಾರದ ಮಾತಿದೆ ಎಂದು ತಕರಾರು ತೆಗೆದಿದ್ದರು. ಸರಕು ಅಲ್ಲೇ ಕೊಳೆಯಿತು. ದುಬೈನ ವ್ಯಾಪಾರಿ ಹೆದರಿ ಎಲ್ಲರಿಗೂ ಟೆಲೆಕ್ಸ್ ಕೊಟ್ಟಿದ್ದ: ಇನ್ನು ಮುಂದೆ ಬರಹವಿರುವ ಪ್ರತಿ ಡಿಸೈನಿನ ಜೊತೆ, ಆ ಬರಹದ ಅರ್ಥವೇನೆಂದು ಭಾಷೆ ಬಲ್ಲವರು ಸಹಿ ಮಾಡಿದ ಪತ್ರ ಇರಬೇಕು. ಗಾಲಾದಲ್ಲಿ ಆಗ ಒಂಬತ್ತು ಸಾವಿರ ಶರ್ಟು ಮುದ್ರಣವಾಗಿ ಪೆಟ್ಟಿಗೆಯೊಳಗಿದ್ದವು. ಬುಧವಾರ ಹಡಗಿಗೆ ಹೋಗಬೇಕು. ಹೀರಜೀಭಾಯಿ ಅಣವೀರಪ್ಪನವರನ್ನು ಕರೆದು, ಅಕ್ಷರ ನಿನ್ನದು, ಅರ್ಥವನ್ನೂ ನೀನೇ ತಾ, ಇಲ್ಲದಿದ್ದರೆ ಬುಧವಾರ ನಿನ್ನ ಮೇಜು ಹೊರಗೆ ಎಂದಿದ್ದರು.

"ಬೈದಿದ್ರ ನಾ ಅಂಜತಿದ್ದಿಲ್ರಿ," ಎಂದರು ಅಣವೀರಪ್ಪ. "ಅಂವಾ ಬೈಲಿಲ್ಲ. ಸುಮ್ನ ಹೇಳ್ದ. ಸುಮ್ನ ಹೇಳಿದ್ದು ಅಂವಾ ಮಾಡ್ತಾನ."

ನಾನು ಶರ್ಟನ್ನು ಬಿಡಿಸಿ ನೋಡಿದೆ. ಎದೆಯ ಮೇಲೆ ಮೂರು ಸಾಲು, ಅಚ್ಚುಕಟ್ಟು. ಎಲ್ಲಿಯೂ ಬಣ್ಣ ತುಂಬಿರಲಿಲ್ಲ.

"ಏನಾದ್ರೂ ಅರ್ಥ ಇರ್ತದ ಅಲ್ರಿ? ಇಷ್ಟು ಗೆರಿ ಎಳದೀನಿ. ಎಲ್ಲ್ಯಾದ್ರೂ ಒಂದು ಮಾತು ಕೂಡಿರ್ತದ." ಅವರು ನನ್ನ ಮುಖ ನೋಡಿದರು. "ಕೆಟ್ಟ ಮಾತು ಇರದಿದ್ರ ಸಾಕು. ಛಲೋ ಮಾತ ಬೇಕಂತ ಇಲ್ಲ."

ನಮ್ಮ ಬಿಲ್ಡಿಂಗಿನ ಕೆಳಗಿನ ಮಹಡಿಯಲ್ಲಿ ವನಮಾಲಾ ಎಂಬ ಬೆಂಗಳೂರಿನ ಹೆಣ್ಣುಮಗಳು ಇದ್ದರು. ಸಂಜೆಯ ತರಗತಿಗಳಿಗೆ ಹೋಗಿ ಮೂರು ವರ್ಷ ಜಪಾನಿ ಕಲಿತು, ಕೋಟೆ ಪ್ರದೇಶದಲ್ಲಿ ಜಪಾನಿನ ಹಡಗು ಕಂಪನಿಯೊಂದರ ಆಫೀಸಿನಲ್ಲಿ ಪತ್ರಗಳ ಅನುವಾದ ಮಾಡುತ್ತಿದ್ದರು. ಭಾನುವಾರ ಬೆಳಿಗ್ಗೆ ಅಣವೀರಪ್ಪನವರನ್ನು ಅವರ ಮನೆಗೆ ಕರೆದುಕೊಂಡು ಹೋದೆ. ಬಿಳಿ ಅಂಗಿ, ಹಣೆಗೆ ವಿಭೂತಿ, ಕಂಕುಳಲ್ಲಿ ಟ್ರೇಸಿಂಗ್ ಕಾಗದಗಳ ಸುರುಳಿ. ಪರೀಕ್ಷೆಯ ಫಲಿತಾಂಶ ನೋಡಲು ಬಂದವರ ಹಾಗೆ ಸೋಫಾದ ತುದಿಯಲ್ಲಿ ಕೂತರು.

ವನಮಾಲಾ ಮೊದಲ ಹಾಳೆಯನ್ನು ನೋಡಿದರು. ತಿರುಗಿಸಿ ನೋಡಿದರು. ಬೆಳಕಿಗೆ ಹಿಡಿದು ಹಿಂಬದಿಯಿಂದಲೂ ನೋಡಿದರು. ನಲವತ್ತೊಂದನ್ನೂ ನೋಡಲು ಹದಿನೈದು ನಿಮಿಷ ತೆಗೆದುಕೊಂಡರು. ಅಷ್ಟು ಹೊತ್ತೂ ಅಣವೀರಪ್ಪ ಅವರ ಬೆರಳನ್ನೇ ನೋಡುತ್ತಿದ್ದರು.

"ಇದು ಯಾರು ಮಾಡಿದ್ದು?" ಎಂದರು ವನಮಾಲಾ.

"ನಾನ ರೀ ಅಕ್ಕಾರ."

"ತುಂಬಾ ಚೆನ್ನಾಗಿದೆ ಕೈ. ಗೆರೆ ಎಲ್ಲೂ ನಡುಗಿಲ್ಲ." ಅವರು ಹಾಳೆಗಳನ್ನು ಮಡಿಲಲ್ಲಿ ಜೋಡಿಸಿಟ್ಟುಕೊಂಡರು. "ಆದರೆ ಇದು ಜಪಾನಿ ಅಲ್ಲ. ತಪ್ಪು ಜಪಾನಿ ಅಂತಲ್ಲ. ಇಂಥ ಅಕ್ಷರಗಳೇ ಇಲ್ಲ. ಚೀನಿಯಲ್ಲೂ ಇಲ್ಲ."

"ಒಂದೂ ಇಲ್ಲೇನ್ರಿ?"

"ಮೂರು ಇವೆ. ಇದು ಗದ್ದೆ. ಇದು ಬಾಯಿ. ಇದು ಮೂರು ಅನ್ನೋ ಅಂಕಿ. ಅವು ತೀರಾ ಸರಳ, ಹಾಗಾಗಿ ತಾವಾಗೇ ಬಂದುಬಿಟ್ಟಿವೆ."

ಅಣವೀರಪ್ಪ ಬಗ್ಗಿ ಆ ಮೂರನ್ನೂ ನೋಡಿದರು. ಆಮೇಲೆ ನಕ್ಕರು. "ಗದ್ದಿ ಎಂದೋ ಹೋಯ್ತ್ರಿ ಅಕ್ಕಾರ. ಮೂರು ಬಾಯಿ ಮಾತ್ರ ಉಳದಾವ. ನಾ, ನಮ್ಮಾಕಿ, ನಮ್ಮವ್ವ." ನಗು ತುಟಿಯಲ್ಲಿರುವಾಗಲೇ ಕಣ್ಣು ತುಂಬಿ, ಅವರು ಸುರುಳಿಗೆ ಕಟ್ಟಿದ್ದ ದಾರವನ್ನು ಬೆರಳಿಗೆ ಸುತ್ತತೊಡಗಿದರು. "ಅಕ್ಕಾರ, ಅರ್ಥ ಇಲ್ಲ ಅಂದ್ರ ಇಲ್ಲ. ನೀವ ಒಂದು ಅರ್ಥ ಕೊಟ್ಟುಬಿಡ್ರಿ. ಹೂವು, ಚಂದ್ರ, ಹಂಗೇನರ. ನಿಮ್ಮ ಸಹಿ ಇದ್ರ ಯಾರು ಕೇಳ್ತಾರ?"

"ಜಪಾನಿ ಓದೋರು ಕೇಳ್ತಾರೆ," ಎಂದರು ವನಮಾಲಾ ಮೆತ್ತಗೆ. "ನಾಳೆ ಅಲ್ಲೊಬ್ಬರು ನೋಡಿ, ಇದರಲ್ಲಿ ಹೂವೂ ಇಲ್ಲ ಚಂದ್ರನೂ ಇಲ್ಲ ಅಂದ್ರೆ ನನ್ನ ಕೆಲಸ ಹೋಗುತ್ತೆ. ನಿಮ್ಮದೂ ಹೋಗುತ್ತೆ. ನಾನು ಸುಳ್ಳು ಬರೆಯೋದಿಲ್ಲ, ಬೇಜಾರು ಮಾಡ್ಕೋಬೇಡಿ."

ಆಗ ನನಗೆ ದಾರಿ ಹೊಳೆಯಿತು. ದುಬೈನವನಿಗೆ ಬೇಕಾದದ್ದು ಅರ್ಥವಲ್ಲ; ತಕರಾರು ಬರುವುದಿಲ್ಲವೆಂಬ ಭರವಸೆ. ಅರ್ಥವೇ ಇಲ್ಲದ ಮೇಲೆ ಕೆಟ್ಟ ಅರ್ಥ ಎಲ್ಲಿಂದ ಬರಬೇಕು? ಇರುವ ಸತ್ಯವನ್ನೇ ಬರೆದರೆ ಸಾಕು. ಹೀಗೆಂದಾಗ ವನಮಾಲಾ ಒಡನೆ ಒಪ್ಪಿದರು. ಅವರ ಮನೆಯಲ್ಲೊಂದು ಟೈಪ್‌ರೈಟರ್ ಇತ್ತು. ನಾನು ಹೇಳುತ್ತ ಹೋದೆ, ಅವರು ಇಂಗ್ಲಿಷಿನಲ್ಲಿ ಟೈಪು ಮಾಡಿದರು. ಈ ಬಟ್ಟೆಗಳ ಮೇಲಿನ ಗುರುತುಗಳು ಜಪಾನಿಯಲ್ಲಾಗಲಿ ಬೇರೆ ಯಾವುದೇ ಭಾಷೆಯಲ್ಲಾಗಲಿ ಬರಹವಲ್ಲ. ಮೂರು ಗುರುತುಗಳು ಅಕ್ಷರಗಳನ್ನು ಹೋಲುವುದು ಆಕಸ್ಮಿಕ. ಇವಕ್ಕೆ ಅರ್ಥವಿಲ್ಲವಾದ್ದರಿಂದ ಆಕ್ಷೇಪಕ್ಕೆ ಅವಕಾಶವಿಲ್ಲ.

ಅಲ್ಲಿಗೆ ನಿಲ್ಲಿಸಬಹುದಿತ್ತು. ವನಮಾಲಾ ಕಾಗದ ತೆಗೆಯಲು ಕೈ ಹಾಕಿದ್ದರು. ಆದರೆ ಮುಂದೆಂದಾದರೂ, ಈ ಮನುಷ್ಯ ಗೊತ್ತಿದ್ದೂ ಯಾವುದೋ ಕಂಪನಿಯ ಹೆಸರನ್ನು ಕದ್ದು ಮಾರ್ಪಡಿಸಿದ್ದಾನೆ ಎಂದು ಯಾರಾದರೂ ಅಣವೀರಪ್ಪನವರ ಮೇಲೆ ಬೆರಳು ತೋರಿಸಿದರೆ? ಪ್ರಯೋಗದ ವರದಿಯಲ್ಲಿ ಒಂದು ಸಂದೇಹವನ್ನೂ ಉಳಿಸಬಾರದೆಂದು ಕಲಿತವನು ನಾನು. ಇನ್ನೊಂದು ವಾಕ್ಯ ಸೇರಿಸಿದೆ: ಇವು ಭಾಷೆ ಅಥವಾ ಲಿಪಿಯ ಯಾವ ಪರಿಚಯವೂ ಇಲ್ಲದೆ ಯಾರು ಬೇಕಾದರೂ ರಚಿಸಬಹುದಾದ ಅಲಂಕಾರದ ಆಕಾರಗಳು.

"ಏನಂತ ಬರದ್ರಿ?" ಎಂದು ಅಣವೀರಪ್ಪ ಕೇಳಿದರು. ನಾನು ಒಂದೊಂದೇ ವಾಕ್ಯವನ್ನು ಕನ್ನಡದಲ್ಲಿ ಹೇಳಿದೆ. ಕೊನೆಯದಕ್ಕೆ ಬಂದಾಗ ಅವರು ತಲೆ ಎತ್ತಿದರು.

"ಯಾರ ಬೇಕಾದ್ರೂ ಅಂದ್ರ?"

"ನೀವೇ ಬೇಕಂತ ಮಾಡಿದ್ದು ಅಂತ ನಿಮ್ಮ ಮೇಲೆ ಬರಬಾರದಲ್ಲ, ಅದಕ್ಕೆ."

"ಹಂಗಾದ್ರ ಛಲೋ ಆತ್ರಿ," ಎಂದರು. ವನಮಾಲಾ ಸಹಿ ಮಾಡಿ ಕೊಟ್ಟ ಪತ್ರವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು.

ಬುಧವಾರ ಸರಕು ಹೋಯಿತು. ಅಣವೀರಪ್ಪನವರು ಎಸ್ಟೇಟಿನ ಬಾಗಿಲಲ್ಲಿ ನಿಂತು, ಟೆಂಪೋಗೆ ಏರಿದ ಒಂದೊಂದು ಪೆಟ್ಟಿಗೆಯನ್ನೂ ನೋಡಿದರಂತೆ. ಮರುದಿನ ಕಸ್ತೂರಿಬಾಯಿ ಹೋಳಿಗೆ ಮಾಡಿ ಮರೆಪ್ಪನ ಕೈಯಲ್ಲಿ ನಮ್ಮ ಆಫೀಸಿಗೆ ಒಂದು ಡಬ್ಬಿ ಕಳಿಸಿಕೊಟ್ಟರು.

ದುಬೈನಿಂದ ಉತ್ತರ ಬರಲು ಹನ್ನೆರಡು ದಿನವಾಯಿತು. ವ್ಯಾಪಾರಿಗೆ ಪತ್ರ ಬಹಳ ಹಿಡಿಸಿತ್ತು. ಅರ್ಥವಿಲ್ಲದ್ದೇ ಎಲ್ಲಕ್ಕಿಂತ ಸುರಕ್ಷಿತ, ಇನ್ನು ಮುಂದೆ ಇಂಥದ್ದೇ ಕಳಿಸಿ, ಇದೇ ಪತ್ರ ಎಲ್ಲಕ್ಕೂ ಆಗುತ್ತದೆ ಎಂದು ತಿಳಿಸಿದ್ದ. ಹೀರಜೀಭಾಯಿ ಟೆಲೆಕ್ಸನ್ನೂ ಪತ್ರವನ್ನೂ ಮುಂದಿಟ್ಟುಕೊಂಡು ಒಂದು ಮಧ್ಯಾಹ್ನ ಯೋಚಿಸಿದರು. ಸಂಜೆ ಅವರ ಅಣ್ಣನ ಮಗ ಬಂದ. ಕಾಲೇಜು ಬಿಟ್ಟು ಅಂಗಡಿ ನೋಡಿಕೊಳ್ಳುತ್ತಿದ್ದ ಇಪ್ಪತ್ತೈದರ ಯುವಕ. ಅವನ ಕೈಗೆ ಬಣ್ಣ ಬಳಿಯುವ ಕುಂಚ ಕೊಟ್ಟು, ಜಪಾನಿ ಥರ ಬರಿ ಎಂದರು. ಅವನು ಹತ್ತು ನಿಮಿಷದಲ್ಲಿ ಎರಡು ಹಾಳೆ ತುಂಬಿಸಿದ.

ಶನಿವಾರ ಅಣವೀರಪ್ಪ ನಮ್ಮ ಆಫೀಸಿನ ಕೆಳಗೆ ಬಂದು ನಿಂತಿದ್ದರು. ಮೇಲೆ ಬರಲಿಲ್ಲ. ನಾನೇ ಇಳಿದು ಹೋದೆ.

"ಸೋಮವಾರದಿಂದ ಬರಬ್ಯಾಡ ಅಂದಾನ್ರಿ."

"ಯಾಕಂತೆ?"

"ಪತ್ರ ತೋರ್ಸಿದ. ನಾ ಓದ್ಲಾಕ ಬರಲ್ಲ ಅಂದೆ. ಅಂವಾ ಬೆರಳಿಟ್ಟು ಓದಿ ಹೇಳ್ದ." ಅವರು ನನ್ನತ್ತ ನೋಡದೆ ರಸ್ತೆಯತ್ತ ನೋಡುತ್ತಿದ್ದರು. "ಯಾರ ಬೇಕಾದ್ರೂ ಮಾಡಬಹುದು ಅಂತ ಬರದದ, ನಿಮ್ಮ ಮನುಷ್ಯಾನ ಬರಸ್ಯಾನ ಅಂದ."

ನಾನು ಅಲ್ಲಿಂದಲೇ ಗಾಲಾಕ್ಕೆ ಹೋದೆ. ಹೀರಜೀಭಾಯಿ ನನ್ನನ್ನು ಕೂರಿಸಿ ಚಹಾ ತರಿಸಿದರು. ಅವರು ಕೆಟ್ಟ ಮನುಷ್ಯರಲ್ಲ. ಅಣವೀರಪ್ಪನವರ ಗೆರೆಗಳ ನಡುವಿನ ಅಂತರವನ್ನು ನಾನು ಸ್ಕೇಲು ಹಿಡಿದು ತೋರಿಸಿದೆ. ಅಣ್ಣನ ಮಗನ ಅಕ್ಷರಗಳನ್ನೂ ಅಳೆದೆ. ಎಂಟು ಕಡೆ ಅಂತರ ಒಂದು ಮಿಲಿಮೀಟರಿಗಿಂತ ಕಡಿಮೆಯಿತ್ತು. ಮರೆಪ್ಪನನ್ನು ಕರೆದು ಒಂದು ಶರ್ಟಿನ ಮೇಲೆ ಅವನ್ನು ಎಳೆಸಿದೆ. ನಾನು ಹೇಳಿದ ಎಂಟೂ ಕಡೆ ಬಣ್ಣ ತುಂಬಿ ಉಂಡೆಯಾಯಿತು. ನಾನು ಗೆದ್ದೆ ಎಂದುಕೊಂಡೆ.

ಹೀರಜೀಭಾಯಿ ಶರ್ಟನ್ನು ತೋಳಿನುದ್ದ ಹಿಡಿದು ನೋಡಿದರು. "ಅಚ್ಛಾ ದಿಖ್ತಾ ಹೈ," ಎಂದರು. ಚೆನ್ನಾಗಿಯೇ ಕಾಣುತ್ತಿತ್ತು, ಅದೂ ನಿಜ. ಉಂಡೆ ಕಟ್ಟಿದ್ದನ್ನು ತಪ್ಪು ಎನ್ನಲು ಸರಿಯಾದ್ದು ಯಾವುದೆಂದು ಗೊತ್ತಿರಬೇಕು. "ಮೂರ್ತಿಸಾಬ್, ಆಪ್ ನೇ ಹೀ ಲಿಖ್ವಾಯಾ, ಕೋಯಿ ಭೀ. ಮೇರಾ ಭತೀಜಾ ಭೀ ಕೋಯಿ ಭೀ ಹೈ." ಯಾರು ಬೇಕಾದರೂ ಎಂದು ನೀವೇ ಬರೆಸಿದ್ದೀರಿ, ನನ್ನ ಅಣ್ಣನ ಮಗನೂ ಆ ಯಾರೋ ಒಬ್ಬ ತಾನೇ ಎಂದು ಅವರು ನಗುತ್ತಲೇ ಕೇಳಿದರು. ಆ ವಾಕ್ಯವನ್ನು ತೆಗೆದು ಬೇರೆ ಪತ್ರ ಬರೆಸಿಕೊಡುತ್ತೇನೆ ಎಂದೆ. ಯಾತಕ್ಕೆ, ಇದು ಒಪ್ಪಿಗೆಯಾಗಿದೆಯಲ್ಲ ಎಂದರು. ಆ ಮನುಷ್ಯನ ಬೆನ್ನಿನ ವಿಷಯ ಹೇಳಿದೆ. ಗೊತ್ತು ಎಂದರು. ಗಾಲಾದಲ್ಲಿ ಕೂತು ಮಾಡುವ ಇನ್ನೊಂದು ಕೆಲಸವೆಂದರೆ ಶರ್ಟು ಮಡಿಸುವುದು, ಅದಕ್ಕೆ ಇಬ್ಬರು ಹೆಂಗಸರಿದ್ದಾರೆ, ಯಾರನ್ನು ತೆಗೆಯಲಿ ನೀವೇ ಹೇಳಿ ಎಂದರು. ಆ ಇಬ್ಬರೂ ಅಲ್ಲೇ ಕೂತು ಮಡಿಸುತ್ತಿದ್ದರು. ನಾನು ಎದ್ದು ಬಂದೆ.

ಬೊರಿವಲಿಯಲ್ಲಿ ನಮ್ಮ ಬಣ್ಣ ಕೊಳ್ಳುತ್ತಿದ್ದ ಇನ್ನೊಂದು ಮುದ್ರಣದ ಗಾಲಾ ಇತ್ತು. ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ, ಕೆಲಸದ ಬಗ್ಗೆ ಒಂದು ಪತ್ರವನ್ನೂ ಬರೆದುಕೊಡುತ್ತೇನೆ ಎಂದು ಅಣವೀರಪ್ಪನವರಿಗೆ ಹೇಳಿದೆ.

"ಪತ್ರ ಬ್ಯಾಡ್ರಿ ಸರ," ಎಂದರು ಅವರು. "ನೀವು ಬರೆದ್ರ ಖರೇನ ಬರೀತೀರಿ."

ಅದು ಬೈಗುಳವಾಗಿರಲಿಲ್ಲ. ಅವರು ನನ್ನನ್ನು ಒಮ್ಮೆಯೂ ಬೈದಿಲ್ಲ. ಮುಂದಿನ ವಾರ ಪತ್ರವಿಲ್ಲದೆಯೇ ಹೋದೆವು. ಬೈಕುಲ್ಲಾದಿಂದ ದಾದರಿಗೆ, ಅಲ್ಲಿ ಸೇತುವೆ ಹತ್ತಿ ಇಳಿದು ಬೊರಿವಲಿಯ ಲೋಕಲ್. ಬಾಂದ್ರಾ ದಾಟುವತನಕ ಕೂರಲು ಜಾಗ ಸಿಗಲಿಲ್ಲ. ಅವರು ಮೇಲಿನ ಹಿಡಿಗೆ ಎರಡೂ ಕೈಯಲ್ಲಿ ನೇತುಬಿದ್ದು ಸೊಂಟದ ಭಾರ ಇಳಿಸಿಕೊಂಡು ನಿಂತಿದ್ದರು. ಬೊರಿವಲಿಯ ಮಾಲೀಕ ಸದಾನಂದ ಶೆಟ್ಟರು ಮಂಗಳೂರಿನ ಕಡೆಯವರು. ಟ್ರೇಸಿಂಗ್ ಹಾಳೆಗಳನ್ನು ನೋಡಿ ಬಹಳ ಮೆಚ್ಚಿದರು.

"ಇವರಿಗೆ ಜಪಾನೀಸ್ ಬರ್ತದೆ ಮಾರಾಯ್ರೆ? ಎಂಥ ಕೈ."

ಅಣವೀರಪ್ಪ ನನ್ನನ್ನು ನೋಡಿದರು. ನಾನು ಬಾಯಿ ಬಿಡುವ ಮೊದಲೇ ಅವರು ತಾವೇ ಹೇಳಿದರು, "ಇಲ್ರಿ. ಬರೂದಿಲ್ಲ."

"ಹಾಗಾದ್ರೆ ಕಷ್ಟ. ಮೊನ್ನೆ ದುಬೈ ಪಾರ್ಟಿಯದ್ದು ನನಗೂ ಬಂದಿದೆ, ಇನ್ನು ಮುಂದೆ ಮೀನಿಂಗ್ ಇಲ್ಲದ್ದೇ ಬೇಕಂತೆ. ಅದಕ್ಕೆ ಆಳು ಇಡ್ಲಿಕ್ಕೆ ಉಂಟಾ? ನನ್ನ ಹೆಂಡತಿಯೇ ಬರೀತಾಳೆ."

ಹಿಂತಿರುಗುವಾಗ ಗಾಡಿ ಖಾಲಿ ಇತ್ತು. ಅಣವೀರಪ್ಪ ಕಿಟಕಿಯ ಪಕ್ಕ ಕೂತರು. ಅಂಧೇರಿ ಬಂದಾಗ, "ಹೂಂ ಅಂದಿದ್ರ ನಾಳಿ ಓದ್ಲಾಕ ಕೊಡ್ತಿದ್ದ," ಎಂದರು. ಮಾಹಿಮ್ ದಾಟಿದ ಮೇಲೆ, "ಸೋಮವಾರ ಮಾರ್ಕೆಟ್ಟಿಗೆ ಹೋಗ್ತೀನ್ರಿ. ಖಂಡಪ್ಪ ನಮ್ಮೂರ ಕಡಿಯಂವ. ಅವನ ಟೋಳಿಗೆ ಇಬ್ರು ಬೇಕಾಗ್ಯಾರಂತ," ಎಂದರು.

"ಡಾಕ್ಟರು ಏನು ಹೇಳಿದ್ರು ಅನ್ನೋದು ನೆನಪಿದೆಯಲ್ಲ?"

"ಅದ ರೀ."

"ಇನ್ನೊಂದು ತಿಂಗಳು ತಡೀರಿ. ಹುಡುಕೋಣ."

"ತಡದ್ರ ವಯಸ್ಸು ಕಡಿಮಿ ಆಗ್ತದೇನ್ರಿ?"

ಸೋಮವಾರ ಬೆಳಿಗ್ಗೆ ಏಳಕ್ಕೆ ನಾನು ಮಾರುಕಟ್ಟೆಗೆ ಹೋದೆ. ಹಮಾಲರ ಗುಂಪಿಗೆ ಅಲ್ಲಿ ಟೋಳಿ, ಅದರ ಮೇಸ್ತ್ರಿಗೆ ಮುಕಾದಮ ಎನ್ನುತ್ತಾರೆ. ಮುಕಾದಮ ಖಂಡಪ್ಪನನ್ನು ಮೊದಲೇ ಕಂಡು, ಮೂಟೆ ಎಣಿಸುವುದೋ ಚೀಟಿ ಕೊಡುವುದೋ ಏನಾದರೂ ಹಗುರ ಕೆಲಸ ಕೇಳುವುದು ನನ್ನ ಉದ್ದೇಶ. ಖಂಡಪ್ಪ ನಲವತ್ತರ ಆಸುಪಾಸಿನ ದಪ್ಪ ಕುತ್ತಿಗೆಯ ಮನುಷ್ಯ. ನನ್ನ ಮಾತು ಪೂರಾ ಕೇಳಿಸಿಕೊಂಡ.

"ಸಾಹೇಬ್ರ, ಇಲ್ಲಿ ಕುಂತು ಮಾಡೂ ಕೆಲಸ ಒಂದ ಅದ. ಅದು ಸೇಟಂದು."

ಅಷ್ಟರಲ್ಲಿ ಅಣವೀರಪ್ಪ ಬಂದರು. ತಲೆಗೆ ಟವಲು ಸುತ್ತಿ, ಧೋತರ ಮೇಲೆತ್ತಿ ಕಟ್ಟಿದ್ದರು. ನನ್ನನ್ನು ಅಲ್ಲಿ ಕಂಡು ಒಂದು ಕ್ಷಣ ನಿಂತರು. ಆಮೇಲೆ ನೇರ ಖಂಡಪ್ಪನ ಮುಂದೆ ಹೋದರು.

"ವಯಸ್ಸೆಷ್ಟೋ ಯಣ್ಣಾ?" ಎಂದ ಖಂಡಪ್ಪ. "ಐವತ್ತು ದಾಟಿದವ್ರನ್ನ ನಾ ತಗೊಳಂಗಿಲ್ಲ. ಹ್ವಾದ ವರ್ಷ ಒಬ್ಬ ಮೂಟಿ ಸಮೇತ ಬಿದ್ದ. ಎಲ್ಲಾರೂ ನನಗ ಕೇಳಿದ್ರು."

"ನಲವತ್ತೈದು."

"ತಲಿ ನೋಡಿದ್ರ ಹಂಗ ಕಾಣಂಗಿಲ್ಲ."

"ಮಿಲ್ಲಿನ ಬಣ್ಣದಾಗ ಇದ್ದಂವ. ಕೂದಲ ಲಗೂನ ಬೆಳ್ಳಗಾದವು."

ಖಂಡಪ್ಪ ನನ್ನ ಕಡೆ ತಿರುಗಿದ. "ನೀವು ಕಲ್ತವ್ರು, ಇವನ್ನ ಬಲ್ಲವ್ರು. ನೀವ ಹೇಳ್ರಿ. ನೀವು ಹೂಂ ಅಂದ್ರ ಇವತ್ತ ತಗೋತೀನಿ."

ಅವರ ಮಿಲ್ಲಿನ ಕಾರ್ಡನ್ನು ನಾನು ನೋಡಿದ್ದೆ. ಹುಟ್ಟಿದ ವರ್ಷ ನನಗೆ ಗೊತ್ತಿತ್ತು. ಅಣವೀರಪ್ಪ ನನ್ನತ್ತ ನೋಡಲಿಲ್ಲ. ಹಿಂದೆ ಒಟ್ಟಿದ್ದ ಎಲೆಕೋಸಿನ ಮೂಟೆಗಳನ್ನು ನೋಡುತ್ತ, ಉಸಿರು ಬಿಗಿಹಿಡಿದು ನಿಂತಿದ್ದರು. ನಾನು ಇಲ್ಲ ಎಂದರೆ ಅವರು ಇನ್ನೊಬ್ಬ ಮುಕಾದಮನ ಬಳಿಗೆ ಹೋಗುತ್ತಾರೆ, ಅಲ್ಲಿ ನಾನಿರುವುದಿಲ್ಲ ಎಂದು ಲೆಕ್ಕ ಹಾಕಿದೆ. ಅದು ಲೆಕ್ಕವೇ ಆಗಿತ್ತೋ, ಅಥವಾ ಅವರ ಬಗ್ಗೆ ಇನ್ನೊಂದು ನಿಜವನ್ನು ಹೇಳುವ ಧೈರ್ಯ ನನ್ನಲ್ಲಿ ಉಳಿದಿರಲಿಲ್ಲವೋ, ಈಗಲೂ ನನಗೆ ಖಚಿತವಾಗಿ ಗೊತ್ತಿಲ್ಲ.

"ನಲವತ್ತೈದು," ಎಂದೆ.

ಖಂಡಪ್ಪ ಗೋಣಿ ಮಡಚಿ ಅವರ ತಲೆಯ ಮೇಲಿಟ್ಟ. ಇಬ್ಬರು ಮೂಟೆ ಎತ್ತಿ ಕೊಟ್ಟರು. ಅಣವೀರಪ್ಪ ಒಂದು ಕ್ಷಣ ಕಾಲು ಅಗಲಿಸಿ ನಿಂತು, ಆಮೇಲೆ ನಡೆದರು. ತೂಕದ ಕಟ್ಟೆಗೆ ಹೋಗಿ ಇಳಿಸಿ ಬಂದರು. ಎರಡನೆಯದಕ್ಕೆ ನನ್ನನ್ನು ದಾಟುವಾಗ, "ಆಫೀಸಿಗೆ ಹೊತ್ತಾಗ್ತದ, ಹೋಗ್ರಿ ಸರ," ಎಂದರು. ನಾನು ನಾಲ್ಕನೆಯ ಮೂಟೆಯತನಕ ನಿಂತಿದ್ದೆ.

ಅವರು ಆ ಟೋಳಿಯಲ್ಲಿ ಹತ್ತೊಂಬತ್ತು ದಿನ ಕೆಲಸ ಮಾಡಿದರು. ಇಪ್ಪತ್ತನೆಯ ದಿನ ಖಂಡಪ್ಪನೇ ಅವರನ್ನು ಕೈಗಾಡಿಯಲ್ಲಿ ಮಲಗಿಸಿ ಅವರ ಚಾಳಿನ ಮನೆಗೆ ತಂದ. ಎರಡೂ ಕಾಲು ಆಡುತ್ತಿರಲಿಲ್ಲ. ಇವರಿಗೆ ನಲವತ್ತೈದು ಅಂತ ಹೇಳಿದವರು ಯಾರು ಎಂದು ಕಸ್ತೂರಿಬಾಯಿ ಕೇಳಿದರಂತೆ. ಖಂಡಪ್ಪ ನನ್ನ ಗುರುತು ಹೇಳಿದನಂತೆ. ಇದನ್ನು ನನಗೆ ತಿಳಿಸಿದವನು ಮರೆಪ್ಪ.

ಮರುದಿನ ಬೆಳಿಗ್ಗೆ ನಾನು ಹೋದಾಗ ಅಣವೀರಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಅವರ ತಾಯಿ ಕಾಲ ಬಳಿ ಕೂತು ಪಾದ ತಿಕ್ಕುತ್ತಿದ್ದರು. ಕಸ್ತೂರಿಬಾಯಿ ನನಗೆ ಚಹಾ ಕೊಟ್ಟರು. ನಾನು ಕುಡಿದು ಲೋಟ ಕೆಳಗಿಡುವವರೆಗೆ ಕಾದರು. ಆಮೇಲೆ ಆಸ್ಪತ್ರೆಯ ಅರ್ಜಿಯನ್ನೂ ಒಂದು ಪೆನ್ನನ್ನೂ ನನ್ನ ಮುಂದಿಟ್ಟರು.

"ಇಲ್ಲಿ ಇವರ ವಯಸ್ಸು ಎಷ್ಟಂತ ಬರೀಬೇಕ್ರಿ?" ಎಂದರು.

ಐವತ್ತೆರಡು ಎಂದು ಬರೆದೆ.